ಜಿಂಕೆ ಪಾರ್ಕ್ ಯಾರ್ರೀ, ಇಳೀರಿ

9 ಫೆಬ್ರವರಿ 2025, ಭಾನುವಾರ
ಚಿಕ್ಕಬಳ್ಳಾಪುರ

ದೊಡ್ಡಮ್ಮನ ಮಗ ಅಂತೂ ಮನೆ ಕಟ್ಟಿ ಮುಗಿಸಿದ. ಇವತ್ತು ಗೃಹಪ್ರವೇಶ. ಬೆಳಗ್ಗೆಯೇ ಮಗಳನ್ನು ಕರೆದುಕೊಂಡು ನಮ್ಮ ಹಳೇ ಊರಿನ ಬಸ್ಸು ಹತ್ತಿದೆ. ಕೆರೆ ಏರಿ ದಾಟುತ್ತಿದ್ದ ಹಾಗೆ ಕಂಡಕ್ಟರ್ "ಜಿಂಕೆ ಪಾರ್ಕ್ ಯಾರ್ರೀ, ಇಳೀರಿ ಇಳೀರಿ" ಅಂತ ಕೂಗಿದ. ಚಿಕ್ಕ ಹುಡುಗ. ಅಲ್ಲಿ ಜಿಂಕೆ ಇದ್ದಾಗ ಅವನು ಹುಟ್ಟಿಯೂ ಇರಲಿಕ್ಕಿಲ್ಲ. ಮಗಳು ಕಿಟಕಿಗೆ ಮೂಗು ಒತ್ತಿಕೊಂಡು "ಎಲ್ಲಮ್ಮಾ ಜಿಂಕೆ?" ಅಂದಳು. ಅಲ್ಲಿ ಈಗ ಇರೋದು ಓಪನ್ ಜಿಮ್ಮು, ನೆಲಕ್ಕೆಲ್ಲ ಸಿಮೆಂಟ್ ಇಟ್ಟಿಗೆ, ಪಕ್ಕದಲ್ಲಿ ಕೆಂಪು ಹೃದಯದ ಗುರುತಿರುವ ಸೆಲ್ಫಿ ಬೋರ್ಡು. ಬೇವಿನ ಮರ ಒಂದು ಉಳಿದಿದೆ. ಅದರ ಬುಡಕ್ಕೂ ಸಿಮೆಂಟ್ ಹಾಕಿದ್ದಾರೆ.

ಊರಿನ ಹೆಸರು ಬೇಕು ಅಂತಲೇ ಬರೆಯುತ್ತಿಲ್ಲ. ಮುಂದೆ ಸ್ವಲ್ಪ ಬೈಯೋದಿದೆ.

ನಾವು ಚಿಕ್ಕವರಿದ್ದಾಗ ಇದೆಲ್ಲ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಮೈಸೂರು ಮೃಗಾಲಯ ಅನ್ನೋದು ಹೈಸ್ಕೂಲಿನ ಟೂರಿಗೆ ದುಡ್ಡು ಕಟ್ಟಿದವರಿಗೆ ಮಾತ್ರ. ಬನ್ನೇರುಘಟ್ಟಕ್ಕೆ ಹೋಗಿ ಬರೋದು ಅಂದರೂ ಇಡೀ ದಿನದ ಕೆಲಸ, ಎರಡು ಮೂರು ಬಸ್ಸು ಬದಲಾಯಿಸಬೇಕು. ಹಾಗಾಗಿ ನಮ್ಮ ಪಾಲಿಗೆ ಕಾಡು, ಮೃಗಾಲಯ, ರಜೆ ಎಲ್ಲ ಸೇರಿ ಇದ್ದದ್ದು ಕೆರೆ ಪಕ್ಕದ ಆ ಜಾಗ ಒಂದೇ. ಟಿಕೆಟ್ ಎಂಟಾಣೆ. ಗೇಟಿನ ಹತ್ತಿರ ಗುರುತಿನವರಿದ್ದರೆ ಅದೂ ಇಲ್ಲ.

ಚೆನ್ನಾಗಿತ್ತು ಅಂತ ಸುಳ್ಳು ಹೇಳಲಾರೆ. ತಂತಿ ಬೇಲಿ ಹಾಕಿದ ಒಂದು ದೊಡ್ಡ ಆವರಣ, ಅದರಲ್ಲಿ ಚುಕ್ಕೆ ಜಿಂಕೆಗಳು. ಸಿಮೆಂಟ್ ತೊಟ್ಟಿಯಲ್ಲಿ ಬಾತುಕೋಳಿ, ತೊಟ್ಟಿಯ ನೀರು ಯಾವಾಗಲೂ ಹಸಿರು. ಒಂದು ಜೊತೆ ನವಿಲು. ಬಿಳಿ ಮೊಲಗಳು. ಕತ್ತಲೆ ಗೂಡಿನಲ್ಲಿ ಒಂದು ಮುಳ್ಳುಹಂದಿ. ಅದು ರಾತ್ರಿ ಓಡಾಡೋ ಪ್ರಾಣಿ, ಪಾರ್ಕು ತೆರೆದಿರೋದು ಹಗಲು. ಹಾಗಾಗಿ ನಾವು ನೋಡಿದ್ದೆಲ್ಲ ಮೂಲೆಯಲ್ಲಿ ಬಿದ್ದ ಒಂದು ಕಟ್ಟು ಮುಳ್ಳು. ನಮ್ಮಮ್ಮ ಒಂದು ಸಲ ಗೂಡಿನೊಳಗೆ ಬಗ್ಗಿ ನೋಡಿ "ಇದಕ್ಕೆ ಎಂಟಾಣೆ ಕೊಡಬೇಕಾ" ಅಂದಿದ್ದರು.

ಪಾರ್ಕಿನ ಜೀವ ಅಂದರೆ ಜಿಂಕೆ ತಾತ. ಊರೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಖಾಕಿ ಚಡ್ಡಿ, ತಲೆಗೆ ಟವೆಲ್ಲು, ಬಾಯಲ್ಲಿ ಬೀಡಿ. ನಮ್ಮ ಹತ್ತಿರ ಕನ್ನಡ, ಜಿಂಕೆಗಳ ಹತ್ತಿರ ತೆಲುಗು. "ರಾ ನಾಯನಾ, ರಾ" ಅಂತ ಕರೆದರೆ ಬೇಲಿಯ ಆ ಕೊನೆಯಲ್ಲಿ ನಿಂತಿದ್ದವು ಕಿವಿ ತಿರುಗಿಸಿ ಬರುತ್ತಿದ್ದವು. ನಾವು ಕರೆದರೆ ಬರುತ್ತಿರಲಿಲ್ಲ. ತೆಲುಗಿನಲ್ಲಿ ಕರೆದರೂ ಬರುತ್ತಿರಲಿಲ್ಲ, ಅದನ್ನೂ ಮಾಡಿ ನೋಡಿದ್ದೆವು.

ನಮ್ಮದು ರೇಷ್ಮೆ ಸಾಕುವ ಕಡೆ. ಪಾರ್ಕಿಗೆ ಮೇವು ಅಂತ ಎಷ್ಟು ದುಡ್ಡು ಬರುತ್ತಿತ್ತೋ ಏನೋ, ಜಿಂಕೆಗಳ ಹೊಟ್ಟೆ ತುಂಬುತ್ತಿದ್ದದ್ದು ಊರಿನವರಿಂದ. ಹುಳ ಹಣ್ಣಾಗಿ, ಗೂಡು ಕಟ್ಟೋಕೆ ಅಂತ ಚಂದ್ರಿಕೆಗೆ ಬಿಟ್ಟ ಮೇಲೆ ಮನೆಗಳಲ್ಲಿ ಹಿಪ್ಪುನೇರಳೆ ಸೊಪ್ಪು ಉಳಿಯುತ್ತೆ. ದನಕ್ಕೆ ಹಾಕಿ ಮಿಕ್ಕಿದ್ದು ಸೈಕಲ್ ಕ್ಯಾರಿಯರ್‌ನಲ್ಲಿ ಪಾರ್ಕಿಗೆ. ತಾತ ಅದನ್ನು ಸುಮ್ಮನೆ ಒಳಗೆ ಎಸೆಯುತ್ತಿರಲಿಲ್ಲ. ಒಂದೊಂದು ಹೊರೆಯನ್ನೂ ಬಿಚ್ಚಿ, ಕಡ್ಡಿ ಕೊಡವಿ, ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸುತ್ತಿದ್ದ. ಹುಳಕ್ಕೆ ರೋಗ ಬರಬಾರದು ಅಂತ ತಟ್ಟೆಗೆ ಸುಣ್ಣದ ಪುಡಿ ಉದುರಿಸುತ್ತಾರಲ್ಲ, ಅದು ಬೆರಳಿಗೆ ಬೆಳ್ಳಗೆ ಅಂಟಿದರೆ ಇಡೀ ಹೊರೆ ವಾಪಸ್ಸು. "ಸುಣ್ಣದ್ದು ಬೇಡ, ಮದ್ದು ಹೊಡೆದಿದ್ದು ಬೇಡ. ಇವಕ್ಕೆ ಹೊಟ್ಟೆ ನೋಯುತ್ತೆ ಅಂತ ಹೇಳೋಕೆ ಬರಲ್ಲ." ತಂದವರು ದೊಡ್ಡ ಮನುಷ್ಯರಾದರೂ ಇದೇ ಉತ್ತರ.

ಚಳಿಗಾಲ ಬಂದರೆ ಅವರೆಕಾಯಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ಯಾವ ಮನೆ ಮುಂದೆ ಹೋದರೂ ಹೆಂಗಸರು ಕಾಲು ಚಾಚಿ ಕೂತು ಕಾಯಿ ಸುಲಿಯುತ್ತಿರುತ್ತಾರೆ. ಕಾಳು ರಾತ್ರಿಗೆ ನೆನೆಯೋಕೆ, ಬೆಳಗ್ಗೆ ಹಿತಕೋಕೆ. ಸಿಪ್ಪೆ ನಮ್ಮ ಪಾಲು. ಅದನ್ನು ಬಟ್ಟೆ ಚೀಲಕ್ಕೆ ತುಂಬಿಕೊಂಡು ಓಡುತ್ತಿದ್ದೆವು. ಸೊಗಡು ಇರೋ ಕಾಯಾದರೆ ಕೈಯೆಲ್ಲ ಅಂಟು, ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗಲ್ಲ. ಜಿಂಕೆಗೆ ಆ ವಾಸನೆ ದೂರಕ್ಕೇ ಗೊತ್ತಾಗುತ್ತಿತ್ತು. ಒಂದು ಹೆಣ್ಣು ಜಿಂಕೆ, ತಾತ ಬಾಟಲಿ ಹಾಲು ಕುಡಿಸಿ ಸಾಕಿದ್ದು, ತಂತಿಯ ಸಂದಿಯಲ್ಲಿ ಮೂತಿ ತೂರಿಸಿ ಅಂಗೈಯಿಂದಲೇ ತಿನ್ನುತ್ತಿತ್ತು. ಮೊದಲು ಮೂಗು ತಾಗುತ್ತೆ, ತಣ್ಣಗೆ, ಒದ್ದೆ. ಆಮೇಲೆ ತುಟಿ ಸಿಪ್ಪೆಯನ್ನು ಹುಡುಕುತ್ತೆ. ಕಚ್ಚುತ್ತೆ ಅಂತ ನಾನು ಕೈ ಎಳೆದುಕೊಂಡಾಗ ತಾತ ಅದರ ಮೇಲಿನ ತುಟಿ ಎತ್ತಿ ತೋರಿಸಿದ. ಮುಂದೆ ಹಲ್ಲೇ ಇಲ್ಲ! ಗಟ್ಟಿ ವಸಡು ಅಷ್ಟೇ. ಕೆಳಗಿನ ಹಲ್ಲು, ಮೇಲಿನ ವಸಡು, ಇವೆರಡರ ಮಧ್ಯೆ ಸಿಕ್ಕಿಸಿ ಕಿತ್ತುಕೊಳ್ಳುತ್ತೆ. "ನಿಮ್ಮನೆ ಹಸುಗೂ ಹಂಗೇ ಪಾಪ, ಹೋಗಿ ನೋಡು" ಅಂದ. ಹೋಗಿ ನೋಡಿದೆ, ಹಾಗೇ ಇತ್ತು. ಹುಟ್ಟಿದಾಗಿನಿಂದ ಹಸು ಜೊತೆ ಇದ್ದವಳಿಗೆ ಅದರ ಬಾಯಿ ಗೊತ್ತಾಗಿದ್ದು ಜಿಂಕೆಯಿಂದ.

ಕೊಂಬಿನ ವಿಷಯವೂ ಅಲ್ಲೇ ಕಲಿತದ್ದು. ಗಂಡಿಗೆ ಮಾತ್ರ ಕೊಂಬು, ಅದೂ ವರ್ಷಕ್ಕೊಂದು ಸಲ ಉದುರಿ ಹೋಗುತ್ತೆ. ಬೋಳು ತಲೆಯಲ್ಲಿ ಎರಡು ಹಸಿ ಗುರುತು. ಸ್ವಲ್ಪ ದಿನಕ್ಕೆ ಅಲ್ಲಿಂದ ಗುಂಡಗೆ, ಮೆತ್ತಗೆ, ಸಣ್ಣ ರೋಮ ಹೊದ್ದುಕೊಂಡು ಹೊಸದು ಏಳುತ್ತೆ. ಒಳಗೆ ರಕ್ತ ಓಡುತ್ತಿರುತ್ತೆ, ಮುಟ್ಟಿದರೆ ಬೆಚ್ಚಗಿರುತ್ತೆ ಅಂತ ತಾತ ಹೇಳುತ್ತಿದ್ದ. ನಮಗೆ ಮುಟ್ಟೋಕೆ ಬಿಡುತ್ತಿರಲಿಲ್ಲ. ಬೆಳೆದು ಗಟ್ಟಿಯಾದ ಮೇಲೆ ಮೇಲಿನ ತೊಗಲು ಒಣಗಿ ಚಿಂದಿ ಚಿಂದಿಯಾಗಿ ಜೋತಾಡುತ್ತೆ. ಆಗ ಗಂಡುಗಳೆಲ್ಲ ಬೇವಿನ ಮರಕ್ಕೆ ಕೊಂಬು ಉಜ್ಜಿ ಉಜ್ಜಿ, ಸೊಂಟದ ಎತ್ತರಕ್ಕೆ ತೊಗಟೆಯೇ ಇರಲಿಲ್ಲ. ಕೊನೆಗೆ ಯಾರೋ ಮರಕ್ಕೆ ತಗಡು ಸುತ್ತಿದರು. ಉದುರಿದ ಕೊಂಬು ಕೊಡು ತಾತ ಅಂತ ಹುಡುಗರೆಲ್ಲ ಬೆನ್ನು ಬೀಳುತ್ತಿದ್ದೆವು. ಒಂದನ್ನೂ ಕೊಡಲಿಲ್ಲ. "ಫಾರೆಸ್ಟ್‌ನೋರು ನಿಮ್ಮಪ್ಪನ್ನ ಎಳ್ಕೊಂಡು ಹೋಗ್ತಾರೆ" ಅನ್ನುತ್ತಿದ್ದ. ಹೆದರಿಸೋಕೆ ಹೇಳ್ತಾನೆ ಅಂದುಕೊಂಡಿದ್ದೆವು. ಬಿದ್ದ ಕೊಂಬನ್ನೂ ಮನೆಯಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ, ಕಾನೂನು ನಿಜವಾಗಿಯೂ ಹಾಗೇ ಇದೆ.

ಆಮೇಲೆ ಕೆಟ್ಟ ವರ್ಷಗಳು ಬಂದವು. ಕೆರೆ ಪೂರ್ತಿ ಒಣಗಿತು. ಬೋರ್‌ವೆಲ್ ಸಾವಿರ ಅಡಿ ಕೊರೆದರೂ ಧೂಳು. ಮನುಷ್ಯರಿಗೇ ಟ್ಯಾಂಕರ್ ನೀರು, ಇನ್ನು ಜಿಂಕೆಗೆ ಯಾರು ಕೊಡುತ್ತಾರೆ? ಇತ್ತ ಜಿಂಕೆಗಳು ಮಾತ್ರ ಜಾಸ್ತಿ ಆಗುತ್ತಲೇ ಇದ್ದವು. ಹುಲಿ ಇಲ್ಲ, ಕೆನ್ನಾಯಿ ಇಲ್ಲ, ಇದ್ದಷ್ಟೇ ಜಾಗದಲ್ಲಿ ಅಣ್ಣ ತಂಗಿಯರ ನಡುವೆಯೇ ಮರಿ ಮೇಲೆ ಮರಿ. ಬೇಲಿಯ ಕೆಳಗೆ ಮಣ್ಣು ಕುಸಿದು ಸಂದಿ ಬಿದ್ದಿತ್ತು. ಮುಚ್ಚಿಸಿ ಅಂತ ತಾತ ಹೇಳಿ ಹೇಳಿ ಸೋತ. ಸಂಬಂಧಪಟ್ಟವರು ಬಂದು ನೋಡಿದರು, ಫೋಟೊ ತೆಗೆದರು, ಹೋದರು. ಒಂದು ರಾತ್ರಿ ಬೀದಿ ನಾಯಿಗಳು ನುಗ್ಗಿದವು. ಬೆಳಗ್ಗೆ ನೋಡಿದರೆ ಕೆಲವಕ್ಕೆ ಮೈ ಮೇಲೆ ಒಂದು ಗೀರೂ ಇಲ್ಲ, ಆದರೂ ಸತ್ತು ಬಿದ್ದಿದ್ದವು. ಜಿಂಕೆ ಹೆದರಿಕೆಗೇ ಸಾಯುತ್ತೆ. ಓಡಿ ಓಡಿ ಮೈ ಕಾದು ಎದೆ ನಿಂತುಹೋಗುತ್ತೆ ಅಂತ ಪಶು ಡಾಕ್ಟರು ಅಪ್ಪನಿಗೆ ವಿವರಿಸಿದ್ದರಂತೆ. ಬಾಟಲಿ ಹಾಲಿನ ಜಿಂಕೆಯೂ ಅದರಲ್ಲಿತ್ತು. ಇದರ ಬಗ್ಗೆ ಇಷ್ಟು ಸಾಕು.

ಅದಾಗಿ ಸ್ವಲ್ಪ ಕಾಲಕ್ಕೆ ಉಳಿದ ಜಿಂಕೆಗಳನ್ನು ರಾತ್ರೋರಾತ್ರಿ ಲಾರಿಗೆ ಹತ್ತಿಸಿ ಸಾಗಿಸಿದರು. ಬೆಳಗ್ಗೆ ಗೇಟಿಗೆ ಬೀಗ. ಒಂದು ಬೋರ್ಡಿಲ್ಲ, ಒಂದು ಮಾತಿಲ್ಲ. ನಾವು ಸಿಪ್ಪೆ ಚೀಲ ಹಿಡಿದುಕೊಂಡು ಹೋಗಿ ಬೀಗ ನೋಡಿ ವಾಪಸ್ಸು ಬಂದೆವು.

ಮುಚ್ಚಿದ್ದು ತಪ್ಪು ಅಂತ ನಾನು ಹೇಳಲ್ಲ. 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿ ಬಂತು. 1992ರಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಶುರುವಾಯಿತು. ಅಲ್ಲಿಂದ ಮುಂದೆ ಕಾಡುಪ್ರಾಣಿ ಇಟ್ಟುಕೊಂಡು ಜನರಿಗೆ ತೋರಿಸುವ ಜಾಗಕ್ಕೆಲ್ಲ ಅವರ ಮಾನ್ಯತೆ ಬೇಕು. ಪಾರ್ಕ್ ಅನ್ನಿ, ವನ ಅನ್ನಿ, ತಪ್ಪಿಸಿಕೊಳ್ಳೋಕಾಗಲ್ಲ. ಡಾಕ್ಟರು ಇರಬೇಕು, ಕಾಯಿಲೆ ಪ್ರಾಣಿಗೆ ಬೇರೆ ಜಾಗ ಇರಬೇಕು, ಇಷ್ಟು ಪ್ರಾಣಿಗೆ ಇಷ್ಟು ಜಾಗ ಅಂತ ಲೆಕ್ಕ ಇರಬೇಕು. ನಮ್ಮ ಪಾರ್ಕಿನಲ್ಲಿ ಇದ್ದದ್ದು ತಾತ ಒಬ್ಬನೇ. ಇಂಥ ಸಣ್ಣಪುಟ್ಟ ಜಾಗಗಳು ದೇಶದ ತುಂಬ ಮುಚ್ಚಿಹೋದವು, ನಮ್ಮದೂ ಹೋಯಿತು. ಸಾಗಿಸೋಕೆ ರಾತ್ರಿಯೇ ಯಾಕೆ ಅನ್ನೋದೂ ಈಗ ಅರ್ಥ ಆಗುತ್ತೆ. ಹಗಲು ಬಿಸಿಲು, ಜನ, ಗಲಾಟೆ, ದಾರಿಯಲ್ಲೇ ಇನ್ನಷ್ಟು ಸಾಯುತ್ತಿದ್ದವು. ಆದರೆ ಸಾಗಿಸಿದ ಮೇಲೆ ಊರಿಗೆ ಒಂದು ಮಾತು ಹೇಳಬಹುದಿತ್ತಲ್ವಾ? ಅಷ್ಟು ವರ್ಷ ಮೇವು ಹೊತ್ತವರಿಗೆ, ಇಂಥ ಕಡೆ ಬಿಟ್ಟಿದ್ದೇವೆ, ಚೆನ್ನಾಗಿವೆ ಅಂತ? ಆ ಸಿಟ್ಟು ಮಾತ್ರ ನನಗೆ ಇವತ್ತಿಗೂ ಇದೆ.

ತಾತನನ್ನು ಊರಿನ ನೀರು ಬಿಡೋ ಕೆಲಸಕ್ಕೆ ಹಾಕಿದರು. ವಾಲ್ವ್ ತಿರುಗಿಸೋದು. ರಸ್ತೆಯಲ್ಲಿ ಸಿಕ್ಕಾಗ "ಸಿಪ್ಪೆ ಏನ್ ಮಾಡ್ತಿದ್ದೀರಿ ಪಾಪ" ಅಂತ ಕೇಳುತ್ತಿದ್ದ. ಈಗ ಅವನೂ ಇಲ್ಲ.

ತಮಾಷೆ ಏನಂದರೆ, ಆಗ ದುಡ್ಡು ಕೊಟ್ಟು ನೋಡಿದ ನವಿಲು ಈಗ ಬೇಡ ಬೇಡ ಅಂದರೂ ಬರುತ್ತೆ. ದೊಡ್ಡಮ್ಮನ ತೋಟದಲ್ಲಿ ಟೊಮೆಟೊ ಕುಕ್ಕಿ ಹಾಕಿವೆ, ಕಡಲೆಕಾಯಿ ಬಿತ್ತಿದರೆ ಬೀಜವನ್ನೇ ಕೆದಕಿ ತಿನ್ನುತ್ತವಂತೆ. ರಾಷ್ಟ್ರಪಕ್ಷಿ, ಕಲ್ಲು ಎಸೆಯೋ ಹಾಗೂ ಇಲ್ಲ. ಕೆರೆಗೂ ನೀರು ಬಂದಿದೆ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬಿಡುತ್ತಾರೆ. ಆ ನೀರಿನ ಬಗ್ಗೆ ಜನರಿಗೆ ಅನುಮಾನ ಇದ್ದೇ ಇದೆ, ನನಗೂ ಇದೆ. ಆದರೂ ತುಂಬಿದ ಕೆರೆ ಕಂಡರೆ ಕಣ್ಣಿಗೆ ಹಿತ, ಇಲ್ಲ ಅನ್ನೋಕಾಗಲ್ಲ. ಜಿಂಕೆಗಳಿದ್ದಾಗ ಬರಬೇಕಿತ್ತು.

ಹೋದ ವರ್ಷ ಮಗಳನ್ನು ಮೈದನಹಳ್ಳಿಗೆ ಕರೆದುಕೊಂಡು ಹೋಗಿದ್ದೆ, ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕು. ಗೌರಿಬಿದನೂರು ಕಡೆಯಿಂದ ಹೋದರೆ ನಮಗೆ ಹತ್ತಿರವೇ. ಅಲ್ಲಿನ ಹುಲ್ಲುಗಾವಲನ್ನು 2007ರಲ್ಲಿ ಕೃಷ್ಣಮೃಗಗಳಿಗೆ ಅಂತ ಮೀಸಲು ಮಾಡಿದ್ದಾರೆ, ಸುಮಾರು 798 ಎಕರೆ. ಗಂಡು ಕಪ್ಪಗೆ, ಕೊಂಬು ತಿರುಚಿಕೊಂಡು ಮೇಲಕ್ಕೆ ಹೋಗಿರುತ್ತೆ. ಅದು ಜಿಂಕೆಯ ಕೊಂಬಿನ ಹಾಗೆ ಉದುರಲ್ಲ, ಸಾಯೋವರೆಗೂ ಅದೇ ಕೊಂಬು. ಒಂದು ಹಿಂಡು ನಮ್ಮನ್ನು ಕಂಡು ಚಂಗನೆ ನೆಗೆದು ಓಡಿತು. ಅಷ್ಟು ಜಾಗ, ಅಷ್ಟು ಓಟ. ಪ್ರಾಣಿ ಇರಬೇಕಾದ್ದೇ ಹೀಗೆ ಅಂತ ನನಗೆ ಅನುಮಾನವೇ ಇಲ್ಲ. ಮಗಳು ಮಾತ್ರ "ಅಷ್ಟು ದೂರ ಇದ್ರೆ ಏನ್ ನೋಡೋದು" ಅಂತ ಮುಖ ಊದಿಸಿಕೊಂಡಳು. ಅವಳಿಗೆ ನಾನು ಏನೂ ಹೇಳಲಿಲ್ಲ. ತಣ್ಣನೆ ಮೂಗು ಅಂಗೈಗೆ ತಾಗಿಸಿಕೊಂಡು ಬೆಳೆದವಳು ನಾನು, ಯಾವ ಬಾಯಿಂದ ಹೇಳಲಿ?

ಇವತ್ತು ಊಟ ಆದ ಮೇಲೆ ಎಲ್ಲರೂ ಹೊಸ ಮನೆಯ ಹಾಲಿನಲ್ಲಿ ಚಾಪೆ ಹಾಸಿ ಕೂತಿದ್ದೆವು. ಪಾರ್ಕಿನ ಮಾತು ಬಂತು. ಒಬ್ಬೊಬ್ಬರ ನೆನಪಿನಲ್ಲಿ ಒಂದೊಂದು ಪ್ರಾಣಿ ಜಾಸ್ತಿ. ಚಿಕ್ಕಪ್ಪ ಕರಡಿ ಇತ್ತು ಅಂದರು. ಅತ್ತೆ ಒಂಟೆ ಅಂದರು, ಅದು ಜಾತ್ರೆಯಲ್ಲಿ ನೋಡಿದ್ದು ಅಂತ ಆಮೇಲೆ ತೀರ್ಮಾನ ಆಯಿತು. ನಮ್ಮ ತಮ್ಮ ಮಾತ್ರ ಚಿರತೆ ಇತ್ತು ಅಂತ ಹಟ ಹಿಡಿದ. "ನಾನು ಕಣ್ಣಾರೆ ನೋಡಿದ್ದೀನಿ ಅಕ್ಕಾ, ಬೋನಲ್ಲಿತ್ತು, ಗುರ್ ಅಂತು." ಪಾಯಸದ ಲೋಟ ಕೆಳಗಿಟ್ಟು ಆಣೆ ಹಾಕೋಕೂ ತಯಾರು.

ಅಮ್ಮ ಅಡುಗೆ ಮನೆಯಿಂದಲೇ ಉತ್ತರ ಕೊಟ್ಟರು. ಬೆಟ್ಟದ ಕೆಳಗಿನ ಯಾವುದೋ ಹಳ್ಳಿಯಲ್ಲಿ ಮೇಕೆ ಹಿಡಿಯುತ್ತಿದ್ದ ಚಿರತೆಯನ್ನು ಫಾರೆಸ್ಟ್‌ನವರು ಬೋನಿಗೆ ಬೀಳಿಸಿ ಬನ್ನೇರುಘಟ್ಟಕ್ಕೆ ಒಯ್ಯುತ್ತಿದ್ದರಂತೆ. ನೀರು ಹಾಕೋಕೆ ಅಂತ ಪಾರ್ಕಿನ ಮುಂದೆ ಲಾರಿ ನಿಲ್ಲಿಸಿದ್ದರು. ಊರೆಲ್ಲ ಓಡಿ ಬಂದಿತ್ತು. "ನಿನಗೆ ಆಗ ಮೂರು ವರ್ಷ ಕಣೋ. ನಾನೇ ಎತ್ತಿಕೊಂಡು ತೋರಿಸಿದ್ದು. ಅದು ಗುರ್ ಅಂದಿದ್ದಕ್ಕೆ ನನ್ನ ಸೀರೆ ಮೇಲೆಲ್ಲ ಉಚ್ಚೆ ಹೊಯ್ದಿದ್ದೆ."

ಅವನ ಹೆಂಡತಿ ಅಲ್ಲೇ ಕೂತಿದ್ದಳು. ಚಿರತೆ ವಿಷಯ ಅವನು ಮತ್ತೆ ಎತ್ತಲಿಲ್ಲ.