ಆರು ಮೊಟ್ಟೆ, 57 ದಿನ

2023ರ ಏಪ್ರಿಲ್ 22, ಶನಿವಾರ. ಬೆಳಗಿನ ಐದೂವರೆಗೆ ಪೆಟ್ಟಿಗೆಯ ಮುಚ್ಚಳ ಸರಿಸಿ ನೋಡಿದಾಗ ನಮ್ಮ ಮನೆಯ ಹೆಣ್ಣು ಬಾಲ್ ಪೈಥಾನ್ ಸಿಂಬೆಯಂತೆ ಬಿಗಿಯಾಗಿ ಸುತ್ತಿಕೊಂಡು ಕುಳಿತಿತ್ತು. ಸುರುಳಿಯ ಸಂದಿಯಲ್ಲಿ ಬಿಳಿಯ ಮೊಟ್ಟೆಯೊಂದರ ತುದಿ ಕಾಣುತ್ತಿತ್ತು. ಮಾರ್ಚ್ 25ರಂದು ಅದು ಪೊರೆ ಬಿಟ್ಟಿದ್ದನ್ನು ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಬಸುರಾದ ಹಾವು ಹಾಗೆ ಪೊರೆ ಬಿಟ್ಟ ಸುಮಾರು ನಾಲ್ಕು ವಾರಕ್ಕೆ ಮೊಟ್ಟೆ ಇಡುತ್ತದೆಂದು ತಿಳಿದಿದ್ದರಿಂದ ಆ ವಾರವೆಲ್ಲ ನಸುಕಿನಲ್ಲಿ ಎದ್ದು ನೋಡುವುದೇ ರೂಢಿಯಾಗಿತ್ತು.

ನಾವಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ, ವಿಷವಿಲ್ಲದ, ಸಣ್ಣ ಗಾತ್ರದ ಹೆಬ್ಬಾವು; ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಇಲ್ಲಿ ಅದನ್ನು ಸಾಕಲು ಅಡ್ಡಿಯಿಲ್ಲ. ಇದನ್ನು ಓದಿ ಊರಿನಲ್ಲಿ ಯಾರೂ ಕೇರೆಹಾವಿನ ಅಥವಾ ಹೆಬ್ಬಾವಿನ ಮೊಟ್ಟೆಗಳನ್ನು ಮನೆಗೆ ತರಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ನಾಡಿನ ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಂಥ ಮೊಟ್ಟೆ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ.

ಅಂದು ಮೊಟ್ಟೆಗಳ ಮೇಲಿಂದ ತಾಯಿಯನ್ನು ಎಬ್ಬಿಸಲು ನನಗೆ ಮನಸ್ಸು ಒಪ್ಪಲಿಲ್ಲ. ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಹಾವಿನ ಹೆಸರೆತ್ತಿದರೆ ಸುಬ್ರಹ್ಮಣ್ಯನನ್ನು ನೆನೆಯುವ ಅಮ್ಮ ಬಹಳ ಹೊತ್ತು ಸುಮ್ಮನೆ ನೋಡಿ, "ಅದು ತಾನೇ ಕಾವಿಗೆ ಕೂತಿದೆಯಲ್ಲ, ನೀನ್ಯಾಕೆ ಎಬ್ಬಿಸ್ತೀಯ ಮಾರಾಯ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಕಡೆಯ ಹೆಬ್ಬಾವು ಕಾವಿಗೆ ಕುಳಿತಾಗ ಮೈಯ ಸ್ನಾಯುಗಳನ್ನು ನಡುಗಿಸಿ ತಾನೇ ಶಾಖ ಹುಟ್ಟಿಸಬಲ್ಲದು. ಬಾಲ್ ಪೈಥಾನ್‌ಗೆ ಆ ಶಕ್ತಿಯಿಲ್ಲ. ಅದು ಸುತ್ತಿಕೊಂಡು ಮೊಟ್ಟೆಗಳ ತೇವ ಆರದಂತೆ ಕಾಯುತ್ತದೆ, ಶಾಖವನ್ನು ಸುತ್ತಲಿನ ನೆಲವೇ ಕೊಡಬೇಕು. ಕಾವು ಮುಗಿಯುವವರೆಗೆ ತಾಯಿ ಹೆಚ್ಚುಕಡಿಮೆ ಉಪವಾಸವಿರುತ್ತದೆ. ನಮ್ಮ ಹಾವು ಆಗಲೇ ಎರಡು ತಿಂಗಳಿಂದ ಸರಿಯಾಗಿ ತಿಂದಿರಲಿಲ್ಲ, ಬೆನ್ನೆಲುಬಿನ ಸಾಲು ಮೇಲೆದ್ದು ಕಾಣುತ್ತಿತ್ತು. ಆದ್ದರಿಂದ ಮೊಟ್ಟೆಗಳನ್ನು ಬೇರೆ ಇಡುವುದೆಂದು ತೀರ್ಮಾನಿಸಿದೆ.

ಕಣ್ಣು ಮುಚ್ಚುವಂತೆ ಮೆತ್ತನೆಯ ಟವೆಲನ್ನು ತಲೆಯ ಮೇಲೆ ಹಾಕಿ, ಬಾಲದ ಕಡೆಯಿಂದ ಒಂದೊಂದೇ ಸುತ್ತನ್ನು ಬಿಡಿಸುತ್ತ ಬಂದೆ. ಏಳು ಮೊಟ್ಟೆಗಳಿದ್ದವು. ಆರು ಅಚ್ಚ ಬಿಳಿ, ಗಟ್ಟಿ, ಹದ ಮಾಡಿದ ತೊಗಲಿನಂಥ ಸಿಪ್ಪೆಯವು. ಒಂದು ಮಾತ್ರ ಚಿಕ್ಕದು, ಹಳದಿ ಬಣ್ಣದ್ದು, ಜೀವವಿಲ್ಲದ್ದು. ಆರರಲ್ಲಿ ನಾಲ್ಕು ಒಂದಕ್ಕೊಂದು ಅಂಟಿಕೊಂಡು ಗೊಂಚಲಾಗಿದ್ದವು. ಅಂಟಿದ್ದನ್ನು ಬಲವಂತವಾಗಿ ಬಿಡಿಸಿದರೆ ಸಿಪ್ಪೆ ಹರಿಯುವುದರಿಂದ ಗೊಂಚಲನ್ನು ಹಾಗೆಯೇ ಎತ್ತಿದೆ. ಎತ್ತುವ ಮೊದಲು ಪ್ರತಿಯೊಂದರ ನೆತ್ತಿಯ ಮೇಲೂ ಪೆನ್ಸಿಲ್ಲಿನಿಂದ ಸಣ್ಣ ಗೆರೆ ಎಳೆದೆ. ಈ ಗೆರೆಯ ವಿಷಯವನ್ನು ಅಮ್ಮನಿಗೆ ವಿವರಿಸಲು ಹೆಚ್ಚು ಹೊತ್ತು ಬೇಕಾಯಿತು, ಏಕೆಂದರೆ ಅವರು ಜೀವಮಾನವಿಡೀ ಹೇಂಟೆಗಳನ್ನು ಕಾವಿಗೆ ಕೂರಿಸಿದವರು. ಹೇಂಟೆ ದಿನಕ್ಕೆ ಹಲವು ಸಲ ಕೊಕ್ಕಿನಿಂದ ಮೊಟ್ಟೆಯನ್ನು ಹೊರಳಿಸುತ್ತದೆ, ಹೊರಳಿಸದಿದ್ದರೆ ಮರಿ ಕೆಡುತ್ತದೆ. ಹಾವಿನದು ಇದಕ್ಕೆ ತದ್ವಿರುದ್ಧ. ಇಟ್ಟ ಒಂದೆರಡು ದಿನಗಳಲ್ಲೇ ಭ್ರೂಣವು ಸಿಪ್ಪೆಯ ಒಳಮೈಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆ ಮೇಲೆ ಮೊಟ್ಟೆಯನ್ನು ಮಗುಚಿದರೆ ಅದು ಹಳದಿಯ ಭಾರದಡಿ ಸಿಕ್ಕಿ ಸಾಯಬಹುದು. ಗೆರೆ ಮೇಲಿದ್ದರೆ ಮೊಟ್ಟೆ ಇದ್ದಂತೆಯೇ ಇದೆ ಎಂದರ್ಥ.

ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ಪಕ್ಕಕ್ಕೆ ಸಣ್ಣ ಟಾರ್ಚ್ ಹಿಡಿದಾಗ ಸಿಪ್ಪೆಯೊಳಗೆ ಕೆಂಪು ನರಗಳು ಅರಳಿ ಎಲೆಯ ದಂಟಿನಂತೆ ಕವಲೊಡೆದು ಹರಡಿದ್ದು ಕಂಡಿತು. ಒಂಬತ್ತು ವರ್ಷದ ಮಗಳು ಉಸಿರು ಬಿಗಿಹಿಡಿದು ಆರನ್ನೂ ನೋಡಿದಳು. ಹಳದಿ ಮೊಟ್ಟೆಯಲ್ಲಿ ಏನೂ ಇರಲಿಲ್ಲ.

ಕಾವುಪೆಟ್ಟಿಗೆಯನ್ನು ನಾನು ಎರಡು ವಾರ ಮೊದಲೇ ಸಿದ್ಧಪಡಿಸಿ ಖಾಲಿಯಾಗಿಯೇ ಓಡಿಸಿ ನೋಡಿದ್ದೆ. ಕೆಟ್ಟುಹೋದ ಸಣ್ಣ ಫ್ರಿಜ್ಜಿನೊಳಗೆ ಶಾಖದ ಪಟ್ಟಿ, ಗಾಳಿಯಾಡಲು ಕಂಪ್ಯೂಟರಿನ ಪುಟ್ಟ ಫ್ಯಾನ್, ಶಾಖ ಏರಿಳಿಯದಂತೆ ತಳದಲ್ಲಿ ನೀರು ತುಂಬಿದ ನಾಲ್ಕು ಬಾಟಲಿ, ಮತ್ತು ಒಳಗಿನ ಶಾಖವನ್ನು ಅಳೆದು ಪಟ್ಟಿಯನ್ನು ಉರಿಸುವ, ಆರಿಸುವ ಥರ್ಮೋಸ್ಟ್ಯಾಟ್. ಮೊಟ್ಟೆ ಬಂದ ದಿನ ಪೆಟ್ಟಿಗೆ ಹೊಂದಿಸಲು ಕುಳಿತವರು ಅರ್ಧದಷ್ಟು ಸೋತಂತೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಟ್ಟೆಗಳಿಗೆ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಕೈತೋಟದವರು ಬಳಸುವ, ನೀರು ಹಿಡಿದಿಡುವ ಖನಿಜದ ಹರಳಾದ ವರ್ಮಿಕ್ಯುಲೈಟ್, ಅದರ ತೂಕದಷ್ಟೇ ನೀರು. ಹದ ತಿಳಿಯಲು ಮುಷ್ಟಿಯಲ್ಲಿ ಹಿಡಿದು ಹಿಂಡಬೇಕು: ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ಹನಿ ಇಳಿಯಬಾರದು. ಮೊಟ್ಟೆಗಳನ್ನು ಅರ್ಧ ಹುದುಗುವಂತೆ ಕೂರಿಸಿ, ಥರ್ಮೋಸ್ಟ್ಯಾಟನ್ನು 31.5 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿದೆ. ಮುಚ್ಚಳದ ಒಳಗೆ ಕಟ್ಟಿದ ಹನಿಗಳು ಮೊಟ್ಟೆಯ ಮೇಲೆ ತೊಟ್ಟಿಕ್ಕದೆ ಬದಿಗೆ ಜಾರಲೆಂದು ಡಬ್ಬಿಯ ಒಂದು ಅಂಚಿನಡಿ ಸಣ್ಣ ಮರದ ತುಂಡಿಟ್ಟೆ. ಆಮೇಲೆ ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ತಾಯಿಯ ಮೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು, ಅದರ ಪೆಟ್ಟಿಗೆಯಲ್ಲಿ ಮೊಟ್ಟೆಯ ವಾಸನೆ ಉಳಿಯದಂತೆ ಉಜ್ಜಿದ ಮೇಲೆ ಎಂಟನೆಯ ದಿನ ಅದು ಆಹಾರ ಮುಟ್ಟಿತು.

ಮೇ 12ರಂದು ತಪ್ಪಾಯಿತು. ಗಾಳಿಯಾಡಿಸಿ ಬಾಗಿಲು ಹಾಕುವಾಗ ಥರ್ಮೋಸ್ಟ್ಯಾಟಿನ ಸಂವೇದಕದ ತಂತಿ ಬಾಗಿಲ ಸಂದಿಯಿಂದ ಹೊರಗೆ ಜಾರಿದ್ದನ್ನು ನಾನು ಗಮನಿಸಲಿಲ್ಲ. ಕೋಣೆಯ 22 ಡಿಗ್ರಿಯ ಗಾಳಿಯನ್ನು ಅಳೆಯುತ್ತ ಅದು ಒಳಗೆ ಚಳಿಯೆಂದು ತಿಳಿದು ಶಾಖದ ಪಟ್ಟಿಯನ್ನು ಒಂದೇ ಸಮನೆ ಉರಿಸಿತು. ಡಬ್ಬಿಯೊಳಗೆ ನಾನು ಬೇರೆಯಾಗಿ ಇಟ್ಟಿದ್ದ ಎರಡನೆಯ ಥರ್ಮಾಮೀಟರು ಕೂಗಿಕೊಂಡಿದ್ದರಿಂದ ಎರಡು ಗಂಟೆಯ ನಂತರವಾದರೂ ಓಡಿಬಂದೆ. ಅಷ್ಟರಲ್ಲಿ ಅದು 34.7 ತೋರಿಸುತ್ತಿತ್ತು. ತುಸು ತಂಪಾದರೆ ಮೊಟ್ಟೆಗಳು ತಡೆದುಕೊಳ್ಳುತ್ತವೆ, ಮರಿ ಒಂದೆರಡು ದಿನ ತಡವಾಗಿ ಹೊರಬರುತ್ತದೆ, ಅಷ್ಟೇ. ಹೆಚ್ಚಿನ ಶಾಖ ಹಾಗಲ್ಲ; ಅದರಿಂದ ಮರಿಯ ಬೆನ್ನೆಲುಬು ಸೊಟ್ಟಗಾಗಬಹುದು, ಮರಿ ಒಳಗೇ ಸಾಯಬಹುದು. ಬಾಗಿಲು ತೆರೆದಿಟ್ಟು ನಿಧಾನವಾಗಿ ಶಾಖ ಇಳಿಸಿ, ಸಂವೇದಕವನ್ನು ಡಬ್ಬಿಯ ಗೋಡೆಗೆ ಟೇಪಿನಿಂದ ಬಿಗಿದು ಅಂಟಿಸಿದೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ ಅದು. ಆ ರಾತ್ರಿ ನಾನು ಆ ಪೆಟ್ಟಿಗೆಯ ಪಕ್ಕದಲ್ಲೇ ಮಲಗಿದೆ.

ಜೂನ್ ಮೊದಲ ವಾರ ಮೊಟ್ಟೆಗಳು ಮೇಲಿನಿಂದ ಗುಳಿ ಬಿದ್ದು ಸೊರಗಿದಂತೆ ಕಂಡವು. ಮೊದಲ ವಾರಗಳಲ್ಲಿ ಹೀಗಾಗಿದ್ದರೆ ತೇವ ಸಾಲದೆಂದು ಅರ್ಥ. ಕೊನೆಯಲ್ಲಿ ಇದು ಸಹಜ. ಆದರೂ ದಿನಕ್ಕೆರಡು ಬಾರಿ ಹೋಗಿ ನೋಡದೆ ಇರಲಾಗುತ್ತಿರಲಿಲ್ಲ.

57ನೆಯ ದಿನ, ಜೂನ್ 18ರ ಮುಂಜಾನೆ, ಒಂದು ಮೊಟ್ಟೆಯ ಮೇಲೆ ಬ್ಲೇಡಿನಿಂದ ಎಳೆದಂಥ ಸೀಳು, ಅದರಿಂದ ಜಿನುಗಿದ ಲೋಳೆ, ಲೋಳೆಯ ನಡುವೆ ಉಗುರಿನಷ್ಟು ಮೂತಿ. ಮರಿಯ ಮೇಲ್ದುಟಿಯ ಬಳಿ ಇರುವ, ಕೆಲವೇ ದಿನಗಳಲ್ಲಿ ಉದುರಿಹೋಗುವ ಒಂದು ಹಲ್ಲು ಕೊಯ್ದ ಸೀಳು ಅದು. ನಾವು ಬಾಗಿ ನೋಡಿದ ಕೂಡಲೇ ಮೂತಿ ಒಳಗೆ ಸರಿಯಿತು. ಕದಲದೆ ನಿಂತರೆ ಮತ್ತೆ ಬಂದು ಒಂದು ಗುಳ್ಳೆ ಬಿಟ್ಟಿತು. ಸಂಜೆಯ ಹೊತ್ತಿಗೆ ನಾಲ್ಕು ಮೊಟ್ಟೆಗಳಲ್ಲಿ ಸೀಳು. "ಒಂದನ್ನಾದರೂ ಹೊರಗೆ ತೆಗೆಯೋಣವಾ?" ಎಂದು ಮಗಳು ಪೀಡಿಸಿದಳು. ತೆಗೆಯಬಾರದು. ತಲೆ ಹೊರಗಿಟ್ಟ ಮರಿ ಒಂದು ದಿನ, ಎರಡು ದಿನ ಹಾಗೆಯೇ ಇದ್ದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಎಳೆದು ತೆಗೆದರೆ ಹೊಕ್ಕುಳ ಹರಿದು ರಕ್ತ ಹೋಗುತ್ತದೆ. ಇಪ್ಪತ್ತರ ಬೆಳಿಗ್ಗೆಗೆ ಐದು ಮರಿಗಳು ತಾವಾಗಿಯೇ ಹೊರಬಂದಿದ್ದವು. ಒಂದರ ಹೊಟ್ಟೆಯಡಿ ಕಡಲೆಕಾಳಿನಷ್ಟು ಹಳದಿ ಇನ್ನೂ ತೂಗುತ್ತಿತ್ತು. ಅದನ್ನು ಒದ್ದೆ ಕಾಗದದ ಮೇಲೆ ಒಂಟಿಯಾಗಿ, ಕಾವುಪೆಟ್ಟಿಗೆಯಲ್ಲೇ ಬಿಟ್ಟೆ. ಮರುದಿನಕ್ಕೆ ಅದು ಒಳಸೇರಿ ಹೊಕ್ಕುಳು ಮುಚ್ಚಿಕೊಂಡಿತ್ತು.

ಆರನೆಯ ಮೊಟ್ಟೆ ಬಿರಿಯಲೇ ಇಲ್ಲ. ಮೊದಲ ಸೀಳು ಕಂಡು ಎರಡು ದಿನ ಕಳೆದ ಮೇಲೆ, ಸಿಪ್ಪೆಯ ನೆತ್ತಿಯನ್ನು ಚಿಮಟದಿಂದ ಎತ್ತಿಹಿಡಿದು ಸಣ್ಣ ಕತ್ತರಿಯಲ್ಲಿ ಬೆರಳಗಲದ ಕಿಂಡಿ ತೆಗೆದೆ. ಒಳಗಿನ ಮರಿ ಪೂರ್ಣವಾಗಿ ಬೆಳೆದಿತ್ತು, ಮೈಯ ಮೇಲೆ ಕಂದು ಬಳ್ಳಿಯಂಥ ಚಿತ್ತಾರವೆಲ್ಲ ಮೂಡಿತ್ತು. ಜೀವವಿರಲಿಲ್ಲ, ಬೆನ್ನು ಒಂದೆಡೆ ಮುರಿದಂತೆ ಬಾಗಿತ್ತು. ಮೇ 12ರ ಆ ಎರಡು ಗಂಟೆ ನನ್ನ ಕಣ್ಣ ಮುಂದೆ ಬಂತು.

ಅಂದಿನಿಂದ ಮನೆಯಲ್ಲಿ ಒಂದು ನಿಯಮ ಗಟ್ಟಿಯಾಯಿತು. ಮೊಟ್ಟೆಯನ್ನಾಗಲಿ, ಮರಿಯನ್ನಾಗಲಿ, ಒದ್ದೆ ಕಾಗದವನ್ನಾಗಲಿ ಮುಟ್ಟಿದವರು ಸೋಪು ಹಚ್ಚಿ ಕೈ ತೊಳೆಯದೆ ಬೇರೇನನ್ನೂ ಮುಟ್ಟುವಂತಿಲ್ಲ. ಆ ಡಬ್ಬಿಗಳು ಅಡುಗೆಮನೆಯ ಸಿಂಕಿಗೆ ಬರುವಂತಿಲ್ಲ. ಆರೋಗ್ಯವಾಗಿರುವ ಹಾವಿನ ಮೈಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಗೆಳೆಯರು ಮರಿ ನೋಡಲು ಬರುತ್ತೇವೆಂದಾಗ ಫೋಟೋ ಕಳಿಸಿ ಕ್ಷಮೆ ಕೇಳಿದೆ.

ಒಂಬತ್ತನೆಯ ದಿನ ಐದೂ ಮರಿಗಳು ಮೊದಲ ಪೊರೆ ಬಿಟ್ಟವು. ಅದಕ್ಕೂ ಮೊದಲು ಆಹಾರ ತೋರಿಸಿ ಪ್ರಯೋಜನವಿಲ್ಲ, ಹೊಟ್ಟೆಯಲ್ಲಿ ಹಳದಿಯ ಬುತ್ತಿ ಇರುತ್ತದೆ. ನಾಲ್ಕು ಮರಿಗಳು ಎರಡು ವಾರದೊಳಗೆ ಎಳೆಯ ಇಲಿಮರಿಯನ್ನು ತಿಂದವು. ಹಳದಿ ಹೊರಗಿದ್ದ ಮರಿ ಮಾತ್ರ ಮೂರು ಬಾರಿ ಮುಖ ತಿರುಗಿಸಿತು.

ಅಮ್ಮ ಕರೆ ಮಾಡಿ, "ಸತ್ತಿದ್ದನ್ನ ಏನು ಮಾಡಿದೆ?" ಎಂದು ಕೇಳಿದರು. ಹಿತ್ತಲಿನ ದಾಸವಾಳದ ಬುಡದಲ್ಲಿ ಹೂತಿದ್ದೇನೆ ಎಂದೆ. "ಸ್ವಲ್ಪ ಹಾಲು ಬಿಡು" ಎಂದರು. ಮಗಳು ಲೋಟದಲ್ಲಿ ಹಾಲು ತಂದು ಸುರಿದಳು. ಒಳಗೆ ಬಂದು, ಕೈ ತೊಳೆದು, ನಾಲ್ಕನೆಯ ಸಲ ಇಲಿಮರಿಯನ್ನು ಬೆಚ್ಚಗೆ ಮಾಡಿ ಇಕ್ಕುಳದಿಂದ ಹಿಡಿದು ದೀಪ ಆರಿಸಿದ ಕೋಣೆಯಲ್ಲಿ ಕಾದೆ. ಮರಿ ನಾಲಗೆ ಚಾಚಿತು, ಕತ್ತನ್ನು ಹಿಂದಕ್ಕೆ ಎಳೆದುಕೊಂಡಿತು, ಮತ್ತು ಇಕ್ಕುಳ ನನ್ನ ಕೈಯಲ್ಲಿ ಒಮ್ಮೆಲೇ ಹಗುರಾಯಿತು.