ಎಷ್ಟು ಇಂಚು ತಪ್ಪಿದೆ?

ಓನರ್ ನನಗೆ ಬೈದದ್ದು ಎರಡು ನಿಮಿಷ. ಗೋಡೆ ಗಡಿಯಾರದ ಎದುರಿಗೇ ನಿಂತಿದ್ದೆ, ಅದಕ್ಕೇ ಲೆಕ್ಕ ಗೊತ್ತು. ನನಗೆ ನಾನೇ ಬೈದುಕೊಂಡದ್ದು ಎಂಟು ತಿಂಗಳು.

ನಾನು ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಹೊರಗಿನವರಿಗೆ ಬಳ್ಳಾರಿ ಅಂದರೆ ಅದಿರು ಮತ್ತು ಬಿಸಿಲು. ನನಗೆ ಬಳ್ಳಾರಿ ಅಂದರೆ ಉಗುರಿನ ಸಂದಿಯಲ್ಲಿ ಕೂತ ನೀಲಿ ಬಣ್ಣ. ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ.

ಆದದ್ದು ಇಷ್ಟು. ಡೆನಿಮ್ ಬಟ್ಟೆ ವಾಷಿಂಗ್‌ಗೆ ಹೋಗಿ ಬಂದರೆ ಕುಗ್ಗುತ್ತದೆ. ಹಾಗಾಗಿ ಹೊಸ ಲಾಟ್ ಬಂದ ಕೂಡಲೇ ಬಟ್ಟೆ ಮೇಲೆ 50 ಸೆಂಟಿಮೀಟರ್ ಉದ್ದ, 50 ಅಗಲದ ಚೌಕ ಬರೆದು, ಆ ತುಂಡನ್ನು ತೊಳೆಸಿ, ಒಣಗಿದ ಮೇಲೆ ಅಳೆಯಬೇಕು. ಎಷ್ಟು ಕುಗ್ಗಿತೋ ಅಷ್ಟನ್ನು ಪ್ಯಾಟರ್ನ್‌ಗೆ ಸೇರಿಸಬೇಕು. ಅದರಲ್ಲೂ ಲೈಕ್ರಾ ಇರುವ ಬಟ್ಟೆ ಅಡ್ಡಕ್ಕೆ ಜಾಸ್ತಿ ಕುಗ್ಗುತ್ತದೆ. ಅವತ್ತು ಕರೆಂಟು ಬೆಳಿಗ್ಗೆಯಿಂದ ಹೋಗಿ ಬಂದು ಮಾಡುತ್ತಿತ್ತು. ಆರ್ಡರ್ ಅರ್ಜೆಂಟ್. ಹಳೆ ಲಾಟಿನ ಹಾಗೇ ಇರುತ್ತೆ ಬಿಡು ಅಂದುಕೊಂಡೆ, ಚೌಕ ತೊಳೆಸಲಿಲ್ಲ. 70 ಪದರ ಲೇ ಹಾಕಿದೆ, ಅಂದರೆ ಬಟ್ಟೆ ಒಂದರ ಮೇಲೊಂದು ಹಾಸಿದೆ. ಮಾರ್ಕರ್‌ನಲ್ಲಿ, ಅಂದರೆ ಕತ್ತರಿಸಲು ಮೇಲೆ ಇಡುವ ನಕ್ಷೆಯಲ್ಲಿ, 30ರಿಂದ 36ರವರೆಗೆ ನಾಲ್ಕು ಸೈಜ್, ಒಟ್ಟು 280 ಪೀಸ್ ಕತ್ತರಿಸಿದೆ. ನಾನು ಬಿಟ್ಟಿದ್ದು 3 ಪರ್ಸೆಂಟ್. ಕುಗ್ಗಿದ್ದು 9. ವಾಷಿಂಗ್‌ನಿಂದ ಬಂದಾಗ 32 ಬರಬೇಕಾದ ಸೊಂಟ 30ಕ್ಕೆ ನಿಂತಿತ್ತು.

ಓನರ್ ಸೈಜ್ ಲೇಬಲ್ ಬಿಚ್ಚಿಸಿ ಬೇರೆ ಹಾಕಿಸಿದರು. 32ರದ್ದು 30 ಆಯಿತು, 34ರದ್ದು 32 ಆಯಿತು. 36 ಒಂದೂ ಉಳಿಯಲಿಲ್ಲ. ಬೇಡದ 28ರ ಸೈಜಿನವು ಎಪ್ಪತ್ತು ಬಂದವು, ಅವನ್ನು ಕಮ್ಮಿ ರೇಟಿಗೆ ಕೊಟ್ಟರು. ಅವರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ, ಮಗಳ ಫೀಸ್ ಕಟ್ಟಲು ಕ್ಯೂನಲ್ಲಿ ನಿಂತಾಗ ಒಂದೇ ಮಾತು. ‘ನಿನ್ನ ಕೈಲಿ ಏನಾಗುತ್ತೆ? ನೀನು ದಂಡ.’ ರಾತ್ರಿ ಎರಡು ಗಂಟೆಗೆ ಎಚ್ಚರಾಗಿ, ಮನಸ್ಸಿನಲ್ಲೇ ಆ ಲೇ ಮತ್ತೆ ಹಾಸುತ್ತಿದ್ದೆ. ನಿದ್ದೆ ಪೂರ್ತಿ ಕೆಟ್ಟಾಗ ಡಾಕ್ಟರ ಹತ್ತಿರ ಹೋದೆ. ಅವರು ಕೆಲವು ತಿಂಗಳು ಮಾತ್ರೆ ಕೊಟ್ಟರು. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಧ್ಯಾನದ ಬಗ್ಗೆ ಬರೆಯುವವರು ಸುಮಾರು ಜನ ಈ ಭಾಗ ನುಂಗಿಬಿಡುತ್ತಾರೆ. ನನಗೆ ಮೊದಲು ಬೇಕಾಗಿದ್ದದ್ದು ನಿದ್ದೆ. ಕೂರುವುದು ಆಮೇಲೆ.

ವಾಷಿಂಗ್ ಯೂನಿಟ್‌ನಲ್ಲಿರುವ ಗೆಳೆಯ ಒಬ್ಬ ಆ ಹಿಂದಿನ ವರ್ಷ ವಿಪಸ್ಸನ ಧ್ಯಾನ ಶಿಬಿರಕ್ಕೆ ಹೋಗಿ ಬಂದಿದ್ದ. ಬರ್ಮಾದಲ್ಲಿ ಹುಟ್ಟಿದ ಎಸ್. ಎನ್. ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಕಲಿಸಲು ಶುರು ಮಾಡಿದ ಪದ್ಧತಿ ಅದು. ಹತ್ತು ದಿನದ ಶಿಬಿರ. ಹತ್ತನೇ ದಿನದವರೆಗೆ ಮಾತಿಲ್ಲ, ಫೋನ್ ಇಲ್ಲ, ಓದುವುದು ಬರೆಯುವುದೂ ಇಲ್ಲ. ಫೀಸ್ ಇಲ್ಲ, ಮುಗಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ಅರ್ಜಿಯಲ್ಲಿ ಕಾಯಿಲೆ, ಮಾತ್ರೆ ಎಲ್ಲ ಕೇಳುತ್ತಾರೆ, ಮುಚ್ಚಿಡದೆ ಬರೆದೆ. ಆಷಾಢದಲ್ಲಿ ನಮಗೆ ಕೆಲಸ ಕಡಿಮೆ. ಓನರ್ ‘ಹೋಗಿ ಬಾರಪ್ಪ’ ಅಂದರು. ಬೆಂಗಳೂರಿನ ಹತ್ತಿರದ ಕೇಂದ್ರಕ್ಕೆ ಹೋದೆ.

ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಸಂಜೆ ಐದಕ್ಕೆ ಚಹಾ, ಒಂದಿಷ್ಟು ಮಂಡಕ್ಕಿ, ಹಣ್ಣು, ಅಷ್ಟೇ. ಮೊದಲ ಮೂರು ದಿನ ಆನಾಪಾನ. ಮೂಗಿನ ಹೊಳ್ಳೆಯ ಹತ್ತಿರ ಉಸಿರು ಹೋಗುವುದು ಬರುವುದು ನೋಡುವುದು, ಬೇರೇನೂ ಇಲ್ಲ. ನನಗೆ ಒಂದು ನಿಮಿಷವೂ ನಿಲ್ಲಲಿಲ್ಲ. ಉಸಿರು ತಪ್ಪಿದ ಕೂಡಲೇ ‘ಇದೂ ಬರಲ್ಲ ನಿನಗೆ’ ಅನ್ನುವ ಮಾತು. ಅಲ್ಲಿಗೆ ಬಟ್ಟೆ ಕತ್ತರಿಸಿ ಬೈಸಿಕೊಳ್ಳುತ್ತಿದ್ದವನು ಈಗ ಉಸಿರಾಡಿ ಬೈಸಿಕೊಳ್ಳುವ ಹಾಗಾಯಿತು!

ನಾಲ್ಕನೇ ದಿನದಿಂದ ಮೈ ನೋಡುವುದು. ತಲೆಯಿಂದ ಕಾಲಿನವರೆಗೆ ಎಲ್ಲಿ ಏನು ಆಗುತ್ತಿದೆ, ಬಿಸಿಯೋ ನೋವೋ ಜುಮ್ಮೋ. ಆರನೇ ದಿನ ಮಧ್ಯಾಹ್ನ ಆ ಮಾತು ಬಂತು, ನಾನು ಮೈ ಕಡೆ ನೋಡಿದೆ. ದವಡೆ ಬಿಗಿದಿತ್ತು. ಎಡಗೈ ಹೆಬ್ಬೆರಳು ಒಳಗೆ ಮಡಚಿಕೊಂಡಿತ್ತು. ಆ ಹೆಬ್ಬೆರಳು ನನಗೆ ಗುರುತು ಸಿಕ್ಕಿತು. ಹದಿನೇಳನೇ ವಯಸ್ಸಿನಲ್ಲಿ ಕೆಲಸ ಕಲಿಯುವಾಗ ನಮ್ಮ ಉಸ್ತಾದ್ ಮರದ ಸ್ಕೇಲ್ ಎತ್ತಿದರೆ ನಾನು ಬೆರಳು ಹೀಗೇ ಅಡಗಿಸುತ್ತಿದ್ದೆ.

ಓಹೋ, ಇದು ಉಸ್ತಾದ್ ದನಿ ಅಂದುಕೊಂಡೆ. ಸಿಕ್ಕಿತಲ್ಲ ಕಳ್ಳ! ಅರ್ಧ ದಿನ ಅವರ ಮೇಲೆ ಸಿಟ್ಟಿನಲ್ಲಿ ಕೂತೆ. ಆದರೆ ಮಾತಾಡುವ ಹಾಗಿಲ್ಲ, ಎದ್ದು ಹೋಗುವ ಹಾಗಿಲ್ಲ, ಕೇಳಿಸಿಕೊಳ್ಳುವುದೊಂದೇ ಕೆಲಸ. ಕೇಳುತ್ತಾ ಕೇಳುತ್ತಾ ಒಂದು ವಿಷಯ ತಿಳಿಯಿತು. ಉಸ್ತಾದ್ ಆ ಮಾತು ಒಂದು ದಿನವೂ ಅಂದಿರಲಿಲ್ಲ. ಅವರು ಹೊಡೆಯುತ್ತಿದ್ದರು, ಅದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಅವರ ಬಾಯಲ್ಲಿ ಬರುತ್ತಿದ್ದದ್ದು ‘ಕಾಲಿಂಚು ತಪ್ಪಿದೀಯ, ನೋಡು’ ಅಂತ. ಬೈಗುಳ ಬಟ್ಟೆಯ ಮೇಲೆ. ‘ನೀನು ದಂಡ’ ಅನ್ನುವುದು ನಾನೇ ಸೇರಿಸಿಕೊಂಡದ್ದು. ಅವರ ದನಿಗೆ ನನ್ನ ಮಾತು ಹೊಲಿದು ಇಪ್ಪತ್ತಕ್ಕೂ ಜಾಸ್ತಿ ವರ್ಷ ಉಟ್ಟುಕೊಂಡಿದ್ದೆ.

ಅವತ್ತಿನಿಂದ ನನ್ನ ಒಂದು ಪ್ರಶ್ನೆ ಶುರುವಾಯಿತು. ಆ ಮಾತು ಬಂದಾಗ ಕೇಳುತ್ತೇನೆ, ಎಷ್ಟು ಇಂಚು ತಪ್ಪಿದೆ? ಅದರ ಹತ್ತಿರ ಉತ್ತರ ಇರುವುದಿಲ್ಲ. ಉಸ್ತಾದ್ ಹತ್ತಿರ ಯಾವಾಗಲೂ ಇರುತ್ತಿತ್ತು. ಇದು ಗೋಯೆಂಕಾ ಅವರು ಹೇಳಿಕೊಟ್ಟದ್ದಲ್ಲ. ಅವರು ಹೇಳುವುದು ಸುಮ್ನೆ ನೋಡು ಅಂತ. ಪ್ರಶ್ನೆ ನನ್ನ ಕಸುಬಿನದು.

ಹತ್ತನೇ ದಿನ ಮೈತ್ರಿ ಧ್ಯಾನ. ಪಾಳಿ ಭಾಷೆಯಲ್ಲಿ ಮೆತ್ತಾ ಅನ್ನುತ್ತಾರೆ. ಎಲ್ಲರೂ ಸುಖವಾಗಿರಲಿ ಅನ್ನುವುದು. ವಿಸುದ್ಧಿಮಗ್ಗ ಅನ್ನುವ ಹಳೆಯ ಬೌದ್ಧ ಗ್ರಂಥದಲ್ಲಿ ಮೈತ್ರಿಯನ್ನು ಮೊದಲು ತನ್ನಿಂದಲೇ ಶುರು ಮಾಡಬೇಕು ಅಂತ ಇದೆ. ‘ನಾನು ಸುಖವಾಗಿರಲಿ’ ಅಂತ ಹೇಳಿಕೊಳ್ಳಲು ನನಗೆ ನಾಚಿಕೆಯಾಯಿತು. ಮದುವೆ ಮನೆಯಲ್ಲಿ ನಮ್ಮ ಎಲೆಗೆ ನಾವೇ ಹೋಳಿಗೆ ಬಡಿಸಿಕೊಂಡ ಹಾಗೆ. ಈಗಲೂ ನಾನು ಮಗಳಿಂದ ಶುರು ಮಾಡಿ ಕೊನೆಗೆ ನನ್ನ ಹತ್ತಿರ ಬರುತ್ತೇನೆ. ಕ್ರಮ ತಪ್ಪು ಅಂತ ಗೊತ್ತು. ನಡೆಯುತ್ತೆ.

ಊರಿಗೆ ಬಂದ ಮೇಲೆ ಬೆಳಿಗ್ಗೆ ಐದಕ್ಕೆ ಎದ್ದು ನೀರಿನ ಡ್ರಮ್ ಪಕ್ಕ ಚಾಪೆ ಹಾಸಿ ಕೂರುತ್ತಿದ್ದೆ. ಮೂರು ವಾರ ಚೆನ್ನಾಗಿ ನಡೆಯಿತು. ಸೀಸನ್ ಶುರುವಾಯಿತು, ರಾತ್ರಿ ಹನ್ನೊಂದಕ್ಕೆ ಮನೆಗೆ ಬರತೊಡಗಿದೆ, ಕೂರುವುದು ತಪ್ಪಿತು. ಕೂತ ದಿನವೂ ಅರ್ಧ ಗಂಟೆ ‘ನಿನ್ನೆ ಕೂರಲಿಲ್ಲ, ಮೊನ್ನೆ ಕೂರಲಿಲ್ಲ’ ಅನ್ನುವ ಲೆಕ್ಕ. ಮುಖ ಗಂಟು ಹಾಕಿಕೊಂಡು ಎದ್ದು ಬಂದವನನ್ನು ನೋಡಿ ನನ್ನ ಹೆಂಡತಿ ಕೇಳಿದಳು, “ಏನ್ರೀ, ಬೈಸ್ಕೊಳ್ಳೋಕೆ ಅಂತ ಕಣ್ಣು ಮುಚ್ಚಿ ಬೇರೆ ಕೂರ್ಬೇಕಾ?”

ಇದಕ್ಕೆ ಬೌದ್ಧರಲ್ಲಿ ಒಂದು ಹೆಸರು ಇದೆ, ಕುಕ್ಕುಚ್ಚ. ಮಾಡಿದ್ದಕ್ಕೆ, ಮಾಡದೆ ಬಿಟ್ಟಿದ್ದಕ್ಕೆ ಒಳಗೊಳಗೇ ಕೊರಗುವುದು. ಧ್ಯಾನಕ್ಕೆ ಅಡ್ಡ ಬರುವ ಐದರಲ್ಲಿ ಚಂಚಲತೆಯ ಜೊತೆ ಇದನ್ನೂ ಜೋಡಿಸಿ ಇಟ್ಟಿದ್ದಾರೆ. ಆ ಐದಕ್ಕೂ ಬುದ್ಧ ಒಂದೊಂದು ಹೋಲಿಕೆ ಕೊಡುತ್ತಾನೆ. ಒಂದು ಸಾಲ, ಒಂದು ಕಾಯಿಲೆ, ಒಂದು ಜೈಲು. ಕೊರಗಿಗೆ ಕೊಟ್ಟದ್ದು ಜೀತ. ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾನು ಅಲ್ಲಿಯವರೆಗೆ ಕೊರಗನ್ನು ಒಳ್ಳೇ ಗುಣ ಅಂದುಕೊಂಡಿದ್ದೆ. ಕೊರಗದಿದ್ದರೆ ಮತ್ತೆ ತಪ್ಪು ಮಾಡುತ್ತೇನೆ ಅಂತ ಭಯ.

ಬುದ್ಧನ ಉಪದೇಶಗಳಿಗೆ ಸುತ್ತ ಅನ್ನುತ್ತಾರೆ. ಶಂಖ ಊದುವವನ ಹೋಲಿಕೆ ಬರುವ ಒಂದು ಸುತ್ತ ಇದೆ. ಅದರಲ್ಲಿ ಬುದ್ಧ ಹೇಳುವುದು ಇಷ್ಟು. ತಪ್ಪು ಮಾಡಿದವನು ‘ನಾನು ಮಾಡಿದ್ದು ಸರಿಯಲ್ಲ’ ಅಂತ ಒಪ್ಪಿಕೊಳ್ಳುತ್ತಾನೆ. ಕೊರಗಿದರೆ ಮಾಡಿದ್ದು ಮಾಡದ ಹಾಗೆ ಆಗುವುದಿಲ್ಲ ಅಂತಲೂ ಅವನಿಗೆ ತಿಳಿಯುತ್ತದೆ. ಆ ಕೆಲಸ ಬಿಡುತ್ತಾನೆ. ಆಮೇಲೆ, ಶಂಖ ಊದಿದರೆ ನಾಲ್ಕೂ ದಿಕ್ಕಿಗೆ ಕೇಳುವ ಹಾಗೆ, ಅವನ ಮೈತ್ರಿ ಹರಡುತ್ತದೆ. ಶಿಕ್ಷೆ ಅನ್ನುವ ಪದರವೇ ನಡುವೆ ಇಲ್ಲ. ನಾನು ಎಂಟು ತಿಂಗಳು ಆ ಇಲ್ಲದ ಪದರವನ್ನೇ ಕತ್ತರಿಸುತ್ತಾ ಕೂತಿದ್ದೆ.

ಆದರೆ ಪುಸ್ತಕದ್ದು ಪುಸ್ತಕದಲ್ಲೇ ಉಳಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೊಪ್ಪಳದ ಕಲ್ಲು.

ಕೊಪ್ಪಳ ನನ್ನ ಹೆಂಡತಿಯ ತವರು. ಹೊಸಪೇಟೆ, ಮುನಿರಾಬಾದ್, ಗಿಣಿಗೇರಾ ದಾಟಿದರೆ ಬಂತು. ಗವಿಮಠದ ಜಾತ್ರೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ, ದಾಸೋಹದಲ್ಲಿ ಉಂಡು ಬಂದಿದ್ದೇನೆ. ಮಠದ ಗುಡ್ಡದ ಮೇಲೇ ಅಶೋಕನ ಶಾಸನ ಇದೆ ಅಂತ ಗೊತ್ತಿತ್ತು, ನೋಡಿರಲಿಲ್ಲ. ಒಂದು ಭಾನುವಾರ ಹೆಂಡತಿಯ ತಮ್ಮ “ಬರ್ರಿ ಮಾಮಾ, ಮನ್ಯಾಗ ಕುಂತು ಏನ್ ಮಾಡ್ತೀರಿ” ಅಂತ ಕರೆದುಕೊಂಡು ಹೋದ. ಊರಿನ ಪಾಲ್ಕಿಗುಂಡಿನ ಮೇಲೂ ಒಂದು ಇದೆ, ಅದು ಜಾಸ್ತಿ ಸವೆದಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ನನಗೆ ಒಂದು ಅಕ್ಷರವೂ ಗೊತ್ತಾಗಲಿಲ್ಲ. ಗೀಚಿದ ಚಾಕ್‌ಪೀಸ್ ಗುರುತಿನ ಹಾಗೆ ಕಂಡಿತು. ಅರ್ಥ ಹೇಳಿದ್ದು ಭಾಮೈದ. ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಹೇಳುತ್ತಾನೆ.

ಹೆಚ್ಚುಕಮ್ಮಿ ಹೀಗಿದೆ. ನಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಜಾಸ್ತಿ ಆಯಿತು. ಆದರೆ ಮೊದಲು ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ. ಭಿಕ್ಷುಗಳ ಸಂಘದ ಹತ್ತಿರ ಹೋಗಿ ಒಂದು ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮ ಪಡುತ್ತಿದ್ದೇನೆ. ದೊಡ್ಡವರಿಗೆ ಮಾತ್ರ ಅಲ್ಲ, ಶ್ರಮ ಪಟ್ಟರೆ ಸಣ್ಣವರಿಗೂ ಇದು ಸಾಧ್ಯ.

“ಇನ್ನೊಂದ್ ಸಲ ಹೇಳು” ಅಂದೆ. ಹೇಳಿದ.

ಒಬ್ಬ ಚಕ್ರವರ್ತಿ. ತಾನು ಒಂದು ವರ್ಷ ಸರಿಯಾಗಿ ಮಾಡಲಿಲ್ಲ ಅನ್ನುವುದನ್ನು ಕಲ್ಲಿನ ಮೇಲೆ ಕೊರೆಸಿದ್ದಾನೆ. ಒಂದು ಕಡೆ ಅಲ್ಲ, ಊರೂರಲ್ಲಿ. ರಾಯಚೂರು ಕಡೆಯ ಮಸ್ಕಿಯಲ್ಲೂ ಇದೇ ಮಾತು. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಅನ್ನುವ ಇಂಜಿನಿಯರ್ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ ಅಶೋಕ ಅನ್ನುವ ಹೆಸರೂ ಸಿಕ್ಕಿತು. ಅಲ್ಲಿಯವರೆಗೆ ಬೇರೆ ಕಡೆ ಸಿಕ್ಕವುಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಅನ್ನುವ ಬಿರುದುಗಳೇ ಇದ್ದವು. ಕಳಿಂಗ ಯುದ್ಧದಲ್ಲಿ ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದೆವು ಅಂತ ಇನ್ನೊಂದು ಶಾಸನದಲ್ಲಿ ಅವನೇ ಲೆಕ್ಕ ಕೊಡುತ್ತಾನೆ. ನಾನು ಹಾಳು ಮಾಡಿದ್ದು 280 ಪ್ಯಾಂಟು.

ನನಗೆ ಹಿಡಿಸಿದ್ದು ಅವನ ದೊಡ್ಡತನ ಅಲ್ಲ, ಅಳತೆ. ಎರಡೂವರೆ ವರ್ಷ, ಒಂದು ವರ್ಷ. ‘ನಾನು ಪಾಪಿ, ನನ್ನ ಕೈಲಿ ಏನೂ ಆಗಲ್ಲ’ ಅಂತ ಇಲ್ಲ. ಎಷ್ಟು ಇಂಚು ತಪ್ಪಿದೆ ಅಂದರೆ ಇಷ್ಟು ಅನ್ನುತ್ತಾನೆ, ಮುಂದಿನ ಸಾಲಿಗೆ ಹೋಗುತ್ತಾನೆ. ಅವನು ಭಿಕ್ಷುಗಳಿಗೆ, ಉಪಾಸಕರಿಗೆ ಓದಿ ಅಂತ ಹೇಳಿದ ಪಾಠಗಳ ಪಟ್ಟಿಯೊಂದು ರಾಜಸ್ಥಾನದ ಬೈರಾಟಿನಲ್ಲಿ ಸಿಕ್ಕಿದೆ. ಅದರಲ್ಲಿ ಬುದ್ಧ ಮಗ ರಾಹುಲನಿಗೆ ಸುಳ್ಳಿನ ವಿಷಯವಾಗಿ ಹೇಳಿದ ಬುದ್ಧಿಮಾತೂ ಇದೆ. ಕೆಲಸ ಮಾಡುವ ಮುಂಚೆ ನೋಡು, ಮಾಡುವಾಗ ನೋಡು, ಮಾಡಿದ ಮೇಲೆ ನೋಡು ಅನ್ನುವ ಪಾಠ ಅದು. ಅಪ್ಪ ಮಗನಿಗೆ ಹೇಳಿದ ಮಾತು. ಕಟಿಂಗ್ ಟೇಬಲ್ ಮೇಲೆ ಬರೆದು ಅಂಟಿಸಬಹುದು, ಅಲ್ವಾ? ನಾನು ಅಂಟಿಸಿಲ್ಲ, ಬಟ್ಟೆಗೆ ಸಿಕ್ಕಿಕೊಳ್ಳುತ್ತೆ.

ಕೊಪ್ಪಳದಿಂದ ಬಂದ ಮೇಲೆ ಕ್ಯಾಲೆಂಡರ್‌ನಲ್ಲಿ ಕೂತ ದಿನ ಒಂದು ಚುಕ್ಕೆ ಇಡುತ್ತೇನೆ. ಕೂರದ ದಿನ ಖಾಲಿ. ಹೋದ ತಿಂಗಳು ಹದಿಮೂರು ಚುಕ್ಕೆ. ಹದಿಮೂರು ಅಂತ ಅಷ್ಟೇ.

ಈ ಬರಹ ಬರೆಯಲು ಕಾರಣ ಹೋದ ಶುಕ್ರವಾರ ಆದದ್ದು. ನನ್ನ ಟೇಬಲ್‌ಗೆ ಒಬ್ಬ ಹೊಸ ಹುಡುಗ ಬಂದಿದ್ದಾನೆ, ಸಿರುಗುಪ್ಪ ಕಡೆಯವನು, ಇಪ್ಪತ್ತು ದಾಟಿಲ್ಲ. ಕತ್ತರಿಸಿದ ಮೇಲೆ ಪದರಕ್ಕೆ ತಕ್ಕಂತೆ ನಂಬರ್ ಸ್ಟಿಕರ್ ಹಚ್ಚಿ ಬಂಡಲ್ ಕಟ್ಟುವುದು ಅವನ ಕೆಲಸ. ಒಂದು ಪದರದ ಮುಂಭಾಗಕ್ಕೆ ಇನ್ನೊಂದು ಪದರದ ಹಿಂಭಾಗ ಸೇರಿದರೆ ವಾಷಿಂಗ್ ಆದ ಮೇಲೆ ಒಂದು ಕಾಲು ಒಂದು ನೀಲಿ, ಇನ್ನೊಂದು ಕಾಲು ಇನ್ನೊಂದು ನೀಲಿ. ಅವನು ಬಂಡಲ್ ಕಲೆಸಿದ್ದ. ನಾನು ನೋಡಿದೆ. ಕುತ್ತಿಗೆ ಬಿಸಿಯಾಯಿತು, ಹೆಬ್ಬೆರಳು ಒಳಗೆ ಹೋಯಿತು, ಬಾಯಿ ತೆರೆದೆ.

ಅಷ್ಟರಲ್ಲಿ ಅವನೇ ಅಂದ, “ನಾನು ದಂಡ ಅಣ್ಣ. ನನ್ನ ಕೈಲಿ ಏನೂ ಆಗಲ್ಲ.”

ಅದು ನನ್ನ ಮಾತು. ಅಕ್ಷರ ಅಕ್ಷರ ನನ್ನದು. ಎರಡು ತಿಂಗಳಲ್ಲಿ ಅವನಿಗೆ ನಾನು ಎಷ್ಟು ಸಲ ಹಾಗಂದಿರಬೇಕು, ಅಥವಾ ನನಗೆ ನಾನೇ ಗಟ್ಟಿಯಾಗಿ ಅಂದುಕೊಂಡದ್ದನ್ನು ಅವನು ಎಷ್ಟು ಸಲ ಕೇಳಿರಬೇಕು. ಎರಡು ಉಸಿರು ಸುಮ್ಮನಿದ್ದೆ. ಧ್ಯಾನ ಗೀನ ಅಲ್ಲ, ಮಾತೇ ಹೊರಡಲಿಲ್ಲ.

“ಎಷ್ಟು ಬಂಡಲ್ ಕಲೆತಿದೆ?” ಅಂದೆ.

ಅವನು ತಲೆ ಎತ್ತಿ ನೋಡಿದ. ಎಣಿಸಿದ. “ಆರು ಅಣ್ಣ.”

ಇಬ್ಬರೂ ಕೆಳಗೆ ಕೂತು ಬಿಚ್ಚಿದೆವು. ಟ್ಯೂಬ್‌ಲೈಟ್ ಕೆಳಗೆ ಒಂದೊಂದು ಪೀಸ್ ಹಿಡಿದು ಬಣ್ಣ ನೋಡಿ ಜೋಡಿಸುವಷ್ಟರಲ್ಲಿ ರಾತ್ರಿ ಎಂಟೂವರೆ ಆಯಿತು. ನಡುವೆ ಅವನೇ ಹೋಗಿ ಮಿರ್ಚಿ ಕಟ್ಟಿಸಿಕೊಂಡು ಬಂದ.

ಕಲೆತದ್ದು ಆರಲ್ಲ, ಏಳು. ಏಳನೆಯದರ ಮೇಲೆ ನಂಬರ್ ಬರೆದವನು ನಾನು.