ಡೈನೋಸಾರ್ ಹುಡುಕಿ ಹೋದೆವು, ಕಪ್ಪೆ ಸಿಕ್ಕಿತು

ನಮ್ಮ ಡೊಂಬಿವಲಿಯ ಮಕ್ಕಳ ಪಾರ್ಕಿನಲ್ಲಿ ಒಂದು ಸಿಮೆಂಟ್ ಡೈನೋಸಾರ್ ಇದೆ. ಅದರ ಬಾಲದ ಮೇಲೆ ಕೂತು ನನ್ನ ಏಳು ವರ್ಷದ ಮಗಳು ದಿನಾ ಕೇಳುತ್ತಿದ್ದಳು, "ನಿಜವಾದದ್ದರ ಮೂಳೆ ಮುಂಬೈನಲ್ಲಿ ಎಲ್ಲಿದೆ?" ಕೊನೆಗೆ ಮೇ ತಿಂಗಳ ಒಂದು ಭಾನುವಾರ, ಡೈನೋಸಾರ್ ಕಾಲದ ಬಂಡೆ ಅಂತ ಎಲ್ಲರೂ ಹೇಳುವ ಅಂಧೇರಿಯ ಗಿಲ್ಬರ್ಟ್ ಹಿಲ್‌ಗೆ ಹೊರಟೆವು. ಪಕ್ಕದ ಮನೆಯ ಮೇಷ್ಟ್ರೂ ಬಂದರು. ಧಾರವಾಡದವರು, ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದವರು.

ರೈಲು, ಆಟೋ ಎಲ್ಲ ಮಾಮೂಲಿ. ಆದರೆ ಗಲ್ಲಿ ತಿರುಗಿದ ಕೂಡಲೇ ಕಾಲು ನಿಂತುಬಿಟ್ಟಿತು. ಮನೆಗಳ ನಡುವಿನಿಂದ 200 ಅಡಿಯ ಕಪ್ಪು ಬಂಡೆ ನೆಟ್ಟಗೆ ಎದ್ದಿದೆ, ಮೈತುಂಬ ಉದ್ದುದ್ದ ಕಂಬಗಳು, ಯಾರೋ ಪೆನ್ಸಿಲ್‌ಗಳನ್ನು ಒತ್ತಿ ಜೋಡಿಸಿಟ್ಟ ಹಾಗೆ. ಲಾವಾ ಆರುತ್ತಾ ಕುಗ್ಗಿ ಬಿರುಕು ಬಿಟ್ಟರೆ ಹೀಗಾಗುತ್ತದಂತೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲೂ ಇಂಥ ಕಂಬ ನೋಡಿದ್ದೇನೆ, ಆದರೆ ಅಲ್ಲಿನವನ್ನು ಹತ್ತಿ ಕೂರಬಹುದು. ಇದನ್ನು ನೋಡಿದರೆ ಕುತ್ತಿಗೆ ನೋಯುತ್ತದೆ. ಬುಡದ ತನಕ ಮನೆಗಳು ಒತ್ತಿ ಬಂದಿರುವುದು ಮಾತ್ರ ನನಗೆ ತುಂಬಾ ಬೇಜಾರಾಯಿತು.

ಕಲ್ಲಿನಲ್ಲೇ ಕಡಿದ ಕಡಿದಾದ ಮೆಟ್ಟಿಲು ಹತ್ತಿದರೆ ಮೇಲೆ ಗಾಂವ್‌ದೇವಿ ಗುಡಿ, ಪುಟ್ಟ ತೋಟ. ನಾವು ಹೋದದ್ದು ಹನ್ನೊಂದು ಗಂಟೆಗೆ. ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಡುವಷ್ಟರಲ್ಲಿ ಮಗಳ ಅಂಗಾಲು ಸುಟ್ಟು ಕೆಂಪಾಯಿತು. ಎಂಟರೊಳಗೆ ಹೋಗಿ, ಮಕ್ಕಳಿಗೆ ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ಅವಳ ಅಳು ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ತೋಟದ ನೆರಳಲ್ಲಿ ಕಾಲಿಗೆ ನೀರು ಹಾಕುತ್ತಿದ್ದಾಗ ಅವಳು ಬಿಕ್ಕುತ್ತಲೇ ಕೇಳಿದಳು, "ಡೈನೋಸಾರ್ ಈ ಕಲ್ಲು ನೋಡಿತ್ತಾ?"

"ಇಲ್ಲ ಮಗಾ," ಅಂದರು ಮೇಷ್ಟ್ರು. "ಈ ಕಲ್ಲಿಗೆ 6.6 ಕೋಟಿ ವರ್ಷ ಅಂತ ಎಲ್ಲರೂ ಹೇಳ್ತಾರೆ. ಅಳೆದು ನೋಡಿದವರಿಗೆ ಸಿಕ್ಕಿದ್ದು ಸುಮಾರು 6 ಕೋಟಿ. ಅಷ್ಟೊತ್ತಿಗೆ ಡೈನೋಸಾರ್ ಹೋಗಿ ಲಕ್ಷಗಟ್ಟಲೆ ವರ್ಷ ಆಗಿತ್ತು. ಅದರ ಮೂಳೆ, ಮೊಟ್ಟೆ ನೋಡಬೇಕಂದ್ರೆ ಗುಜರಾತಿನ ರಾಯೋಲಿಗೆ ಹೋಗಬೇಕು."

ಅವಳ ಮುಖ ಸಪ್ಪೆಯಾಯಿತು. ಮೇಷ್ಟ್ರು ಹೆಬ್ಬೆರಳು ಎತ್ತಿ ಉಗುರು ತೋರಿಸಿದರು. "ಮುಂಬೈನಲ್ಲಿ ಕಪ್ಪೆ ಸಿಕ್ಕಿದೆ, ಗೊತ್ತಾ? ವರ್ಲಿ ಗುಡ್ಡದಲ್ಲಿ. ಇದಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ."

ಎರಡು ಲಾವಾ ಪದರಗಳ ನಡುವೆ ಸಿಹಿನೀರಿನ ಕೆರೆಯ ಕೆಸರು ಕಲ್ಲಾಗಿತ್ತಂತೆ. ಅದರಲ್ಲಿ ಪುಟ್ಟ ಪುಟ್ಟ ಕಪ್ಪೆಗಳ ಅಸ್ಥಿಪಂಜರ. 1847ರಲ್ಲಿ ಬ್ರಿಟಿಷ್ ವಿಜ್ಞಾನಿ ರಿಚರ್ಡ್ ಓವೆನ್ ಅದಕ್ಕೆ ಹೆಸರಿಟ್ಟರು. ಈಗ ಅದರ ಹೆಸರು ಇಂಡೋಬಟ್ರಾಕಸ್. 'ಡೈನೋಸಾರ್' ಅನ್ನುವ ಗುಂಪಿಗೆ ಹೆಸರು ಕೊಟ್ಟವರೂ ಅವರೇ! ಮುಂಬೈನದೇ ಅಂಬೋಲಿಯ ಕಲ್ಲು ಕ್ವಾರಿಯಲ್ಲಿ ಆಮೆಯೂ ಸಿಕ್ಕಿದೆ.

ಸುತ್ತ ಬೆಂಕಿ ಹರಿದ ಊರಿನಲ್ಲಿ, ಒಂದು ಹರಿವು ಆರಿ ಇನ್ನೊಂದು ಬರುವಷ್ಟರಲ್ಲಿ ಮಳೆ ಬಿದ್ದು, ಕೆರೆ ತುಂಬಿ, ಕಪ್ಪೆ ಸಂಸಾರ ಹೂಡಿತ್ತು ಅಂದರೆ! ನನಗೆ ಮೈ ಜುಮ್ಮೆಂದಿತು. ಮಗಳು ಅಳು ಮರೆತು, ತನ್ನ ಹೆಬ್ಬೆರಳನ್ನು ಬಂಡೆಗೆ ಒತ್ತಿ ಹಿಡಿದು ಅಳತೆ ನೋಡುತ್ತಾ ಕೂತಳು.

"ಅದು ವಟಗುಟ್ಟುತ್ತಿತ್ತಾ?" ಅಂತ ಕೇಳಿದಳು.

"ಮಳೆಗಾಲ ಇದ್ದಿದ್ದರೆ ಸುಮ್ನೆ ಇರುತ್ತಿತ್ತಾ?" ಅಂದರು ಮೇಷ್ಟ್ರು.